ಮೋಟರ್ ತಿರುಗುತ್ತದೆ, ಬೂಮ್ ಏಳುವುದಿಲ್ಲ: ಮೋಟರ್ ಚಾಲಿತ ಇಟ್ಟಿಗೆ ಎಕ್ಸ್‌ಕವೇಟರ್‌ನಲ್ಲಿ ದೋಷ ಹುಡುಕುವ ಕ್ರಮ

ಆಟದ ಇಟ್ಟಿಗೆಗಳಲ್ಲಿ ಕಟ್ಟುವ ದೊಡ್ಡ ಎಕ್ಸ್‌ಕವೇಟರ್‌ನಲ್ಲಿ ಆರು ಚಲನೆಗಳಿರುತ್ತವೆ: ಎಡ ಚೈನ್, ಬಲ ಚೈನ್ (ಚಕ್ರದ ಬದಲು ನೆಲದ ಮೇಲೆ ಓಡುವ ಪಟ್ಟಿಗಳು), ಮೇಲ್ಭಾಗದ ಸುತ್ತು, ಬೂಮ್ (ಬುಡದ ದೊಡ್ಡ ತೋಳು), ಆರ್ಮ್ (ಅದರ ತುದಿಯ ಎರಡನೇ ತೋಳು), ಬಕೆಟ್. 2010ರ ಲೆಗೊ ಟೆಕ್ನಿಕ್ 8043ರಲ್ಲಿ ಇವಿಷ್ಟನ್ನೂ 1,123 ತುಂಡುಗಳಲ್ಲಿ ಅಡಕ ಮಾಡಿದ್ದರು. 2019ರ ಲೀಬೆರ್ ಆರ್ 9800 (ಸೆಟ್ 42100) ಬರುವ ಹೊತ್ತಿಗೆ ಅದು 4,108 ತುಂಡು, ಏಳು ಮೋಟರ್, ಎರಡು ಹಬ್‌ಗಳಿಗೆ (ಮೋಟರ್‌ಗಳಿಗೆ ಕರೆಂಟ್ ಮತ್ತು ಆಜ್ಞೆ ಕೊಡುವ ಪೆಟ್ಟಿಗೆಗಳು) ಏರಿತು. ಸ್ವಂತ ವಿನ್ಯಾಸದಲ್ಲಿ ಕಟ್ಟುವವರು ಇದನ್ನೂ ಮೀರುವುದುಂಟು. ಗಾತ್ರ ಯಾವುದೇ ಇರಲಿ, ಕೆಡುವ ರೀತಿ ಹೆಚ್ಚುಕಡಿಮೆ ಒಂದೇ.

ಏನಾದರೂ ಅಲುಗಾಡದೆ ನಿಂತರೆ ಎಲ್ಲರ ಕೈ ಮೊದಲು ಹೋಗುವುದು ಮೋಟರ್‌ಗೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೋಟರ್ ಸುಟ್ಟುಹೋಗಿರುವುದು ತೀರಾ ಅಪರೂಪ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಇರುವುದು ಮೋಟರ್‌ಗೂ ಲೋಡ್‌ಗೂ ನಡುವೆ, ಯಾವುದೋ ಬುಶ್ (ಗೇರ್ ಹೊತ್ತ ಕಡ್ಡಿ, ಅಂದರೆ ಆಕ್ಸಲ್, ಪಕ್ಕಕ್ಕೆ ಸರಿಯದಂತೆ ತಡೆಯುವ ಬಳೆ) ಬೀಮ್‌ಗೆ (ತೂತುಗಳ ಸಾಲಿರುವ ಪಟ್ಟಿ) ಒತ್ತಿ ಕೂತಿರುವಲ್ಲಿ. ಹೀಗಾಗಿ ಕೆಳಗಿನ ಕ್ರಮವೆಲ್ಲ ಘರ್ಷಣೆ ಎಲ್ಲಿ ಹುಟ್ಟುತ್ತಿದೆ ಎಂದು ಹುಡುಕುವ ಕ್ರಮ.

ಬಿಚ್ಚುವ ಮೊದಲು ಕಿವಿಗೊಡಿ

ಸದ್ದಿನಿಂದಲೇ ಅರ್ಧ ಪತ್ತೆ ಆಗುತ್ತದೆ. ಸಮ ಅಂತರದಲ್ಲಿ ಗಟ್ಟಿಯಾಗಿ ಟಕ್ ಟಕ್ ಎಂದರೆ ಅದು ಲೀನಿಯರ್ ಆಕ್ಚುಯೇಟರ್ (ಒಳಗಿನ ಸ್ಕ್ರೂ ತಿರುಗಿದಂತೆ ಚಾಚಿ ಮುಚ್ಚುತ್ತಾ ತೋಳನ್ನು ಎತ್ತುವ ಕೊಳವೆ) ಒಳಗಿನ ಕ್ಲಚ್, ಅಂದರೆ ಲೋಡ್ ಮೀರಿದಾಗ ಜಾರಿಕೊಡುವ ಭಾಗ. ಆಕ್ಚುಯೇಟರ್ ತುದಿ ಮುಟ್ಟಿದಾಗ ಈ ಸದ್ದು ಸಹಜ; ನಡುವಿನಲ್ಲಿ ಬಂದರೆ ಲೋಡ್ ಮಿತಿಮೀರಿದೆ ಎಂದರ್ಥ. ಮೆತ್ತಗೆ, ಒಂದಕ್ಕೊಂದು ಹತ್ತಿರವಾಗಿ ಟಿಕ್ ಟಿಕ್ ಎನ್ನುವುದು 24 ಹಲ್ಲಿನ ಬಿಳಿ ಕ್ಲಚ್ ಗೇರ್. ಚಟ್ಟನೆ, ಲಯವಿಲ್ಲದೆ ಸಿಡಿದಂತೆ ಕೇಳಿಸಿದರೆ ಹಲ್ಲು ಜಾರುತ್ತಿದೆ. ಅದನ್ನು ಕೇಳಿದ ಕೂಡಲೆ ಸ್ವಿಚ್ ಆರಿಸಿ, ಯಾಕೆಂದರೆ ಜಾರಿದ ಪ್ರತಿ ಸಲವೂ ಹಲ್ಲಿನ ಅಂಚು ಸ್ವಲ್ಪ ಸವೆಯುತ್ತದೆ. ಒಂದು ಸುತ್ತಿಗೆ ಒಂದೋ ಎರಡೋ ಸಲ ಮಾತ್ರ ಬಿಗಿದು ಸಡಿಲವಾಗುವಂತಿದ್ದರೆ ಯೂನಿವರ್ಸಲ್ ಜಾಯಿಂಟ್ (ಓರೆಯಾಗಿ ಸೇರುವ ಎರಡು ಆಕ್ಸಲ್‌ಗಳನ್ನು ಕೂಡಿಸುವ ಕೀಲು) ಮೇಲೆ ಅನುಮಾನ ಪಡಬೇಕು.

ಸದ್ದೇ ಇಲ್ಲ, ಮೋಟರ್ ಸಣ್ಣಗೆ ಗುಂಯ್‌ಗುಡುತ್ತಿದೆ, ಏನೂ ತಿರುಗುತ್ತಿಲ್ಲ ಎಂದಾದರೆ ಗೇರ್ ಸಾಲು ಪೂರ್ತಿ ಜಾಮ್ ಆಗಿದೆ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೇ ಒತ್ತಿ ಹಿಡಿಯಬೇಡಿ. ಪವರ್ ಫಂಕ್ಷನ್ಸ್ (ಲೆಗೊದ ಹಳೆಯ ಮೋಟರ್ ವ್ಯವಸ್ಥೆ) ಎಕ್ಸ್‌ಎಲ್ ಮೋಟರ್ 9 ವೋಲ್ಟ್‌ನಲ್ಲಿ ಖಾಲಿ ತಿರುಗುವಾಗ ಎಳೆಯುವುದು ಸುಮಾರು 80 ಮಿಲಿಆಂಪಿಯರ್; ಜಾಮ್ ಆದಾಗ ಅದೇ ಮೋಟರ್ 1.8 ಆಂಪಿಯರ್‌ನಷ್ಟು ಎಳೆಯುತ್ತದೆ. ಆಗ ಮೋಟರ್ ಮತ್ತು ಬ್ಯಾಟರಿ ಪೆಟ್ಟಿಗೆಗಳ ರಕ್ಷಣಾ ವ್ಯವಸ್ಥೆ ಬಿಸಿಯಾಗಿ ಕರೆಂಟ್ ಕಡಿಯುತ್ತದೆ. "ಇದ್ದಕ್ಕಿದ್ದಂತೆ ಸತ್ತಿತು, ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಬದುಕಿತು" ಎನ್ನುವ ದೂರಿಗೆ ಕಾರಣ ಇದೇ. ಬದುಕಿತೆಂದು ಮತ್ತೆ ಓಡಿಸಿದರೆ ಮತ್ತೆ ನಿಲ್ಲುತ್ತದೆ. ಜಾಮ್ ಬಿಡಿಸದೆ ಮುಂದಿನ ದಾರಿಯಿಲ್ಲ.

ಬ್ಯಾಟರಿ, ವೈರು, ಚಾನೆಲ್

ಇದು ಐದು ನಿಮಿಷದ ಕೆಲಸ, ಆದ್ದರಿಂದ ಮೊದಲೇ ಮುಗಿಸಿ. ಆರು ಡಬಲ್-ಎ ಆಲ್ಕಲೈನ್ ಸೆಲ್‌ಗಳು ಹೊಸದಿದ್ದಾಗ 9 ವೋಲ್ಟ್. ನಿಕಲ್ ರೀಚಾರ್ಜಬಲ್ ಸೆಲ್‌ಗಳು ತಲಾ 1.2 ವೋಲ್ಟ್ ಲೆಕ್ಕದಲ್ಲಿ ಒಟ್ಟು 7.2. ಐದನೇ ಒಂದು ಭಾಗ ವೇಗ ಇಲ್ಲೇ ಹೋಯಿತು. ಆದರೆ ಲೋಡ್ ಬಿದ್ದಾಗ ಒಳ್ಳೆಯ ರೀಚಾರ್ಜಬಲ್ ಸೆಲ್ ತನ್ನ ವೋಲ್ಟೇಜನ್ನು ಚೆನ್ನಾಗಿ ಹಿಡಿದಿಡುತ್ತದೆ, ಅರ್ಧ ತೀರಿದ ಆಲ್ಕಲೈನ್ ಸೆಲ್ ಕುಸಿಯುತ್ತದೆ. ಹಾಗಾಗಿ ಅಳೆಯುವುದಿದ್ದರೆ ಮೋಟರ್ ಓಡುತ್ತಿರುವಾಗ ಅಳೆಯಬೇಕು. ಹಳೆಯ ಸೆಲ್ ಜೊತೆ ಹೊಸದನ್ನು ಬೆರೆಸಿದ್ದರೆ ಎಲ್ಲ ಆರನ್ನೂ ಬದಲಿಸಿ.

ಒಂಟಿ ಮೋಟರ್ ಸರಿ, ಎರಡು ಒಟ್ಟಿಗೆ ಹಾಕಿದರೆ ಎರಡೂ ಸೊರಗುತ್ತವೆ ಎಂದರೆ ತಪ್ಪು ಬ್ಯಾಟರಿಯ ಕಡೆಗೆ. ಒಂಟಿಯಾಗಿಯೂ ಸೊರಗಿದರೆ ಗೇರ್ ಸಾಲಿನ ಕಡೆಗೆ.

ಇನ್‌ಫ್ರಾರೆಡ್ ರಿಸೀವರ್ ಇರುವ ಮಾದರಿಯಲ್ಲಿ ನಾಲ್ಕು ಚಾನೆಲ್, ಪ್ರತಿ ಚಾನೆಲ್‌ಗೆ ಎರಡು ಔಟ್‌ಪುಟ್. ಎರಡು ರಿಸೀವರ್ ಒಂದೇ ಚಾನೆಲ್‌ಗೆ ಕೂತಿದ್ದರೆ ಬೂಮ್ ಎತ್ತಲು ಹೋದಾಗ ಚೈನೂ ಓಡುತ್ತದೆ. ಸ್ವಿಚ್ ಒಂದು ಮನೆ ಸರಿಸಿದರೆ ಮುಗಿಯಿತು. ರಿಸೀವರ್‌ನ ಕಪ್ಪು ಕಣ್ಣು ಪ್ಯಾನೆಲ್ ಹಿಂದೆ ಅಡಗಿದ್ದರೆ, ಅಥವಾ ನೇರ ಬಿಸಿಲು ಅದರ ಮೇಲೆ ಬೀಳುತ್ತಿದ್ದರೆ, ಆಜ್ಞೆ ಬಿಟ್ಟುಬಿಟ್ಟು ತಲುಪುತ್ತದೆ. ಬ್ಲೂಟೂತ್ ಹಬ್ ಇರುವ ಮಾದರಿಯಲ್ಲಿ ಈ ತೊಂದರೆ ಇಲ್ಲ, ಬೇರೆಯದಿದೆ. ಒಂದೊಂದು ಹಬ್‌ಗೆ ನಾಲ್ಕು ಪೋರ್ಟ್. ಏಳು ಮೋಟರ್‌ಗಳ ವೈರುಗಳೆಲ್ಲ ನೋಡಲು ಒಂದೇ ತರಹ. ಒಂದು ಜೋಡಿ ಅದಲುಬದಲಾದರೆ ಸಾಕು, ಆ್ಯಪ್ ಬೂಮ್ ಎಂದುಕೊಂಡು ಆರ್ಮನ್ನು ತುದಿಯವರೆಗೆ ಓಡಿಸಿ ಕ್ಲಚ್ ಕೂಗಿಸುತ್ತದೆ. ಕಟ್ಟುವಾಗಲೇ ಪ್ರತಿ ವೈರಿಗೂ ಎರಡೂ ತುದಿಯಲ್ಲಿ ಸಣ್ಣ ಕಾಗದದ ಪಟ್ಟಿ ಅಂಟಿಸಿಡುವುದು ನೋಡಲು ಚೆನ್ನಾಗಿರುವುದಿಲ್ಲ, ಆದರೆ ಮೈ ಮುಚ್ಚಿದ ಮೇಲೆ ಅದೇ ಗತಿ.

ಬೆರಳಿನ ಪರೀಕ್ಷೆ

ಸಾಲನ್ನು ನಡುವೆ ಕಡಿಯಿರಿ. ಅಂದರೆ ಮೋಟರ್‌ನಿಂದ ಲೋಡ್‌ವರೆಗಿನ ದಾರಿಯಲ್ಲಿ ಸುಲಭವಾಗಿ ಕೈಗೆ ಸಿಗುವ ಒಂದು ಗೇರನ್ನು ಆಕ್ಸಲ್ ಮೇಲೆ ಪಕ್ಕಕ್ಕೆ ಸರಿಸಿ, ಸಾಲು ಎರಡು ತುಂಡಾಗುವಂತೆ ಮಾಡಿ. ಈಗ ಮೋಟರ್ ಓಡಿಸಿ. ಸಲೀಸಾಗಿ ತಿರುಗಿದರೆ ತಪ್ಪು ಆಚೆ ಅರ್ಧದಲ್ಲಿ. ಇಲ್ಲದಿದ್ದರೆ ಈಚೆ ಅರ್ಧದಲ್ಲಿ. ತಪ್ಪಿರುವ ಅರ್ಧವನ್ನು ಮತ್ತೆ ಅರ್ಧ ಮಾಡಿ. ಎಂಟು ಗೇರಿನ ಸಾಲಾದರೂ ಮೂರು ಸಲ ಕಡಿಯುವಷ್ಟರಲ್ಲಿ ಜಾಗ ಸಿಗುತ್ತದೆ. ತುದಿಯಿಂದ ಒಂದೊಂದೇ ಬಿಚ್ಚುತ್ತಾ ಬರುವವರು ಮಾದರಿಯನ್ನೇ ಮತ್ತೊಮ್ಮೆ ಕಟ್ಟಬೇಕಾಗುತ್ತದೆ.

ಕಡಿದ ತುಂಡನ್ನು ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹಿಡಿದು ತಿರುಗಿಸಿ. ಪೂರ್ತಿ ಸುತ್ತು ಒಂದೇ ಸಮನಾಗಿ ಬಿಗಿಯಿದ್ದರೆ ಬುಶ್ ಒತ್ತಿದೆ: ಬುಶ್ ಮತ್ತು ಬೀಮ್ ನಡುವೆ ಒಂದು ಕಾಗದ ತೂರುವಷ್ಟು ಸಂದು ಬಿಡಿ, ಆಕ್ಸಲ್ ಉದ್ದಕ್ಕೂ ಸ್ವಲ್ಪ ಆಡಬೇಕು. ಸುತ್ತಿನ ಒಂದೇ ಜಾಗದಲ್ಲಿ ಬಿಗಿಯಾದರೆ ಆಕ್ಸಲ್ ಬಾಗಿದೆ ಅಥವಾ ಹಲ್ಲು ಮುಕ್ಕಾಗಿದೆ. ಬಾಗಿದೆಯೇ ಎಂದು ನೋಡಲು ಆಕ್ಸಲ್ ಹೊರತೆಗೆದು ಗಾಜಿನ ಮೇಲೆ ಉರುಳಿಸಿ. ತಿರುಚಿದೆಯೇ ಎಂದು ನೋಡಲು ಒಂದು ತುದಿಯಿಂದ ಕಣ್ಣಿಟ್ಟು ಉದ್ದಕ್ಕೂ ನೋಡಿ. ಪ್ಲಸ್ ಆಕಾರದ ಅಂಚುಗಳು ನೇರ ಗೆರೆಯಾಗಿ ಹೋಗಬೇಕು, ಸುರುಳಿಯಾಗಬಾರದು. ತಿರುಚಿದ ಆಕ್ಸಲ್ ಮತ್ತೆ ಸರಿಹೋಗುವುದಿಲ್ಲ. ಅದನ್ನು ಬದಲಿಸಿ, ಆಮೇಲೆ ಯಾಕೆ ತಿರುಚಿತು ಎಂದು ಕೇಳಿ.

ಉತ್ತರ ಸಾಮಾನ್ಯವಾಗಿ ಒಂದೇ: ವೇಗ ತಗ್ಗಿಸುವ ಗೇರ್ ಜೋಡಿಯನ್ನು ಮೋಟರ್ ಪಕ್ಕದಲ್ಲೇ ಇಟ್ಟು, ಅಲ್ಲಿಂದ ಮುಂದೆ ಉದ್ದ ಆಕ್ಸಲ್ ಎಳೆದಿರುತ್ತಾರೆ. ಎಕ್ಸ್‌ಎಲ್ ಮೋಟರ್ ನಿಂತುಹೋಗುವ ಕ್ಷಣದಲ್ಲಿ ಕೊಡುವ ತಿರುಚುಬಲ ಸುಮಾರು 40 ನ್ಯೂಟನ್-ಸೆಂಟಿಮೀಟರ್. 8 ಹಲ್ಲಿನಿಂದ 24 ಹಲ್ಲಿಗೆ ಇಳಿಸಿದರೆ, ಘರ್ಷಣೆ ಬಿಟ್ಟು, ಮುಂದಿನ ಆಕ್ಸಲ್ ಮೇಲೆ 120 ಬೀಳುತ್ತದೆ. ಅದೇ ಇಳಿಕೆಯನ್ನು ಲೋಡ್‌ನ ಪಕ್ಕದಲ್ಲಿಟ್ಟರೆ ಉದ್ದ ಆಕ್ಸಲ್ ವೇಗವಾಗಿ, ಹಗುರಾಗಿ ತಿರುಗುತ್ತದೆ. ಯೂನಿವರ್ಸಲ್ ಜಾಯಿಂಟಿಗೂ ಇದೇ ನಿಯಮ, ಅದು ಇಳಿಕೆಗೆ ಮೊದಲು ಬರಬೇಕು. ಬಿಳಿ ಕ್ಲಚ್ ಗೇರ್ ಮೈಮೇಲೆ 2.5 ಮತ್ತು 5 ಎಂದು ಅಚ್ಚಾಗಿರುವುದೂ ನ್ಯೂಟನ್-ಸೆಂಟಿಮೀಟರ್‌ಗಳೇ; ಎಕ್ಸ್‌ಎಲ್ ಮೋಟರ್‌ನ ಇಳಿಕೆಯ ನಂತರ ಅದನ್ನು ಹಾಕಿದರೆ ಅದು ಜಾರುವುದೇ ಕೆಲಸ.

ಗೇರ್‌ಗಳ ನಡುವಿನ ಅಂತರವನ್ನೂ ಒಮ್ಮೆ ಲೆಕ್ಕ ಹಾಕಿ. ಎರಡೂ ಗೇರಿನ ಹಲ್ಲುಗಳನ್ನು ಕೂಡಿಸಿ 16ರಿಂದ ಭಾಗಿಸಿದರೆ ಕೇಂದ್ರಗಳ ನಡುವೆ ಎಷ್ಟು ಸ್ಟಡ್ (ಬೀಮ್‌ನ ಒಂದು ತೂತಿನಿಂದ ಮುಂದಿನದಕ್ಕೆ ಇರುವ ದೂರ, 8 ಮಿಲಿಮೀಟರ್) ಬೇಕೆಂದು ಬರುತ್ತದೆ. 8 ಮತ್ತು 24ಕ್ಕೆ 2. 12 ಮತ್ತು 20ಕ್ಕೆ 2. 8 ಮತ್ತು 40ಕ್ಕೆ 3. ಭಿನ್ನರಾಶಿ ಬಂದು, ಅದನ್ನು ಬೀಮ್ ಬಾಗಿಸಿ ಹೇಗೋ ಕೂರಿಸಿದ್ದರೆ ಆ ಜೋಡಿ ಒಂದೋ ಉಜ್ಜುತ್ತದೆ, ಇಲ್ಲವೇ ಜಾರುತ್ತದೆ.

ಬೂಮ್: ಅತಿ ಹೆಚ್ಚು ತಲೆನೋವು ಇಲ್ಲೇ

ಮೊದಲು ಪಿನ್‌ಗಳ ಬಣ್ಣ ನೋಡಿ. ಕೀಲುಗಳಲ್ಲಿ ಕಪ್ಪು ಅಥವಾ ನೀಲಿ ಪಿನ್ ಇದ್ದರೆ ಅವು ಘರ್ಷಣೆಯ ಪಿನ್‌ಗಳು, ಬಿಗಿ ಹಿಡಿಯಲೆಂದೇ ಮಾಡಿದವು. ತಿರುಗುವ ಕೀಲಿಗೆ ಬೇಕಾದ್ದು ಬೂದು ಬಣ್ಣದ ಎರಡು ಸ್ಟಡ್ ಪಿನ್, ಇಲ್ಲವೇ ಮರಳು ಬಣ್ಣದ ಮೂರು ಸ್ಟಡ್ ಪಿನ್. ಬೂಮ್‌ನ ಬುಡದಲ್ಲಿ ಪಿನ್ನಿಗಿಂತ ಆಕ್ಸಲ್ ಒಳ್ಳೆಯದು.

ಪಿನ್ ಸರಿಯಿದ್ದೂ ಬೂಮ್ ಏಳದಿದ್ದರೆ, ಆಕ್ಚುಯೇಟರ್ ಮೇಲೆ ಎಷ್ಟು ಬಲ ಬೀಳುತ್ತಿದೆ ಎಂದು ಲೆಕ್ಕ ಹಾಕುವುದು ವಾಸಿ. ಬೂಮ್, ಆರ್ಮ್, ಬಕೆಟ್ ಸೇರಿ 400 ಗ್ರಾಂ, ಅದರ ತೂಕದ ಕೇಂದ್ರ ಬುಡದ ಕೀಲಿನಿಂದ 20 ಸ್ಟಡ್ ದೂರ, ಅಂದರೆ 16 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಬಕೆಟ್‌ನಲ್ಲಿ 100 ಗ್ರಾಂ ತುಂಬಿದೆ, ಅದು 40 ಸ್ಟಡ್ ದೂರ, 32 ಸೆಂಟಿಮೀಟರ್. ಎರಡೂ ಸೇರಿ ಕೀಲಿನ ಮೇಲೆ ಸುಮಾರು 94 ನ್ಯೂಟನ್-ಸೆಂಟಿಮೀಟರ್. ಆಕ್ಚುಯೇಟರ್ ಒತ್ತುವ ಗೆರೆಗೂ ಕೀಲಿಗೂ ನಡುವಿನ ಲಂಬ ದೂರ 5 ಸ್ಟಡ್ (4 ಸೆಂಟಿಮೀಟರ್) ಇದ್ದರೆ ಬೇಕಾದ ಬಲ 23.5 ನ್ಯೂಟನ್. ಬೂಮ್ ಪೂರ್ತಿ ಕೆಳಗಿಳಿದಾಗ ಆ ಲಂಬ ದೂರ 3 ಸ್ಟಡ್‌ಗೆ ಕುಗ್ಗಿದರೆ ಬಲ 39ಕ್ಕೆ ಏರುತ್ತದೆ. ನಡುವಿನಿಂದ ಸಲೀಸಾಗಿ ಏಳುವ ಬೂಮ್ ನೆಲದಿಂದ ಮಾತ್ರ ಏಳದಿರುವುದಕ್ಕೆ ಇದೇ ಕಾರಣ. ಬಲವಾದ ಮೋಟರ್ ಹಾಕುವುದರಿಂದ ಪ್ರಯೋಜನವಿಲ್ಲ, ಆಕ್ಚುಯೇಟರ್ ಕ್ಲಚ್ ಮೊದಲೇ ಜಾರುತ್ತದೆ. ಆಕ್ಚುಯೇಟರ್‌ನ ಕೆಳತುದಿಯನ್ನು ಒಂದೋ ಎರಡೋ ಸ್ಟಡ್ ಮುಂದಕ್ಕೆ ಸರಿಸಿ ಕೋನ ತಿದ್ದುವುದೇ ಮದ್ದು.

ಈ 39 ನ್ಯೂಟನ್ನನ್ನು ಎರಡು ಆಕ್ಚುಯೇಟರ್ ಹಂಚಿಕೊಂಡರೆ ತಲಾ 20ರ ಒಳಗೆ. ಹಂಚಿಕೊಳ್ಳಬೇಕು ಅಷ್ಟೆ. ಎಡದ್ದು ಬಲದ್ದಕ್ಕಿಂತ ಒಂದು ಮಿಲಿಮೀಟರ್ ಹೆಚ್ಚು ಚಾಚಿದ್ದರೂ ಲೋಡ್ ಪೂರ್ತಿ ಅದರ ಮೇಲೆ ಬೀಳುತ್ತದೆ, ಇನ್ನೊಂದು ಬೂಮನ್ನು ಹಿಂದಕ್ಕೆ ಹಿಡಿದೆಳೆಯುತ್ತದೆ. ನೋಡಿದವರಿಗೆ ಬೂಮ್ ಓರೆಯಾಗಿ ಕಾಣುತ್ತದೆ, ಒಂದೇ ಕಡೆಯ ಕ್ಲಚ್ ಕೂಗುತ್ತದೆ.

ಸರಿಪಡಿಸುವ ಬಗೆ ಹೀಗೆ. ಬೂಮನ್ನು ಕೆಳಗಿನಿಂದ ಆನಿಸಿಟ್ಟು ಎರಡೂ ಆಕ್ಚುಯೇಟರ್‌ಗಳ ಮೇಲ್ತುದಿಯ ಪಿನ್ ತೆಗೆಯಿರಿ. ಮೋಟರ್ ಓಡಿಸಿ ಎರಡನ್ನೂ ಪೂರ್ತಿ ಮುಚ್ಚಿ. ಎರಡೂ ಕ್ಲಚ್‌ಗಳು ಟಕ್ ಎನ್ನುವವರೆಗೆ ಬಿಡಿ. ದೊಡ್ಡ ಆಕ್ಚುಯೇಟರ್ ಮುಚ್ಚಿದಾಗ ಸುಮಾರು 11 ಸ್ಟಡ್, ಪೂರ್ತಿ ಚಾಚಿದಾಗ ಸುಮಾರು 16 ಸ್ಟಡ್ ಉದ್ದ. ಈಗ ಎರಡರ ತುದಿಯ ತೂತುಗಳಲ್ಲೂ ಒಂದೇ ಉದ್ದದ ಆಕ್ಸಲ್ ತೂರಿಸಿ. ಒತ್ತದೆ, ತನ್ನಷ್ಟಕ್ಕೆ ಜಾರಿ ಆಚೆ ಬರಬೇಕು. ಬರದಿದ್ದರೆ ಒಂದು ಆಕ್ಚುಯೇಟರ್‌ನ ಗೇರನ್ನು ಸಾಲಿನಿಂದ ಬಿಡಿಸಿ, ಒಂದೊಂದೇ ಹಲ್ಲು ತಿರುಗಿಸಿ ಮತ್ತೆ ಕೂರಿಸಿ ನೋಡಿ. ಆಕ್ಸಲ್ ಸಲೀಸಾದ ಮೇಲೆ ಐದಾರು ಸಲ ಚಾಚಿ ಮುಚ್ಚಿ, ಆಕ್ಸಲ್ ಅಲ್ಲೇ ಇರುವಾಗ ಅದು ಓರೆಯಾಗುತ್ತದೆಯೇ ಗಮನಿಸಿ. ಓರೆಯಾದರೆ ಎಲ್ಲೋ ಹಲ್ಲು ಜಾರುತ್ತಿದೆ. ಆಗ ಗೇರ್ ಜೋಡಿಯ ಎರಡೂ ಬದಿಗೆ ಬೀಮ್ ಆಧಾರ ಕೊಡಬೇಕು.

ಒಮ್ಮೆ ಹೊಂದಿಸಿದ ಜೋಡಿ ಆಟದ ನಡುವೆ ಮತ್ತೆ ತಪ್ಪುವುದುಂಟು, ಯಾಕೆಂದರೆ ಲೋಡ್ ಹೆಚ್ಚಾದಾಗ ಎರಡೂ ಕ್ಲಚ್ ಒಂದೇ ಹೊತ್ತಿಗೆ ಜಾರುವುದಿಲ್ಲ. ಆದರೆ ಆಕ್ಚುಯೇಟರ್‌ಗಳು ಪೂರ್ತಿ ಮುಚ್ಚುವ ತನಕ ಓಡಿದರೆ ಹಿಂದೆ ಬಿದ್ದದ್ದು ತುದಿಯಲ್ಲಿ ಜೊತೆಗೂಡುತ್ತದೆ, ಮೊದಲು ಬಂದದ್ದು ಟಕ್ ಎನ್ನುತ್ತಾ ಕಾಯುತ್ತದೆ. ಇದು ಸಾಧ್ಯವಾಗಬೇಕಾದರೆ ಬೂಮ್ ಚಾಸಿಗೆ ಬಡಿದು ನಿಲ್ಲುವ ಮೊದಲೇ ಆಕ್ಚುಯೇಟರ್ ತನ್ನ ತುದಿ ಮುಟ್ಟಬೇಕು. ಸ್ವಂತ ವಿನ್ಯಾಸಗಳಲ್ಲಿ ಇದನ್ನು ಮರೆಯುವವರೇ ಹೆಚ್ಚು: ಬೂಮ್ ಅಡಿ ತಾಗುತ್ತದೆ, ಆಕ್ಚುಯೇಟರ್‌ಗೆ ಇನ್ನೂ ಅರ್ಧ ಸ್ಟಡ್ ಉಳಿದಿರುತ್ತದೆ, ತಪ್ಪಿದ ಜೋಡಿ ಎಂದೂ ಹೊಂದುವುದಿಲ್ಲ.

ಎತ್ತುವಾಗ ಮಾತ್ರ ಬಿಗಿ, ಖಾಲಿಯಾಗಿ ತಿರುಗಿಸಿದರೆ ಸಲೀಸು ಎನ್ನುವ ದೋಷ ಬೆರಳಿನ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಲೋಡ್ ಬಿದ್ದಾಗ ಆಕ್ಚುಯೇಟರ್ ತನ್ನ ಬುಡಕ್ಕೆ ಒರಗುತ್ತದೆ. ಬುಡದ ಗೇರ್ ಹಿಂದಿನ ಬೀಮ್‌ಗೆ ತಾಗಿ ಬ್ರೇಕ್ ಹಾಕಿದಂತಾಗುತ್ತದೆ. ಬೂಮನ್ನು ಒಂದು ಕೈಯಲ್ಲಿ ಕೆಳಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಗೇರ್ ತಿರುಗಿಸಿ ನೋಡಿ. ಬಿಗಿಯಾದರೆ ಗೇರನ್ನು ಕೂದಲೆಳೆಯಷ್ಟು ಮುಂದೆ ಸರಿಸಿ.

ಇಳಿಯುವಾಗ ಬೂಮ್ ಗಡಗಡ ನಡುಗುವುದು ದೋಷವಲ್ಲ, ಸ್ಕ್ರೂವಿನ ಗುಣ. ಹಿಡಿದು ಬಿಟ್ಟು ಹಿಡಿದು ಬಿಟ್ಟು ಜಾರುತ್ತದೆ. ವೇಗ ತಗ್ಗಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನೋ ಪೆಟ್ರೋಲಿಯಂ ಗ್ರೀಸನ್ನೋ ಹಾಕಲು ಹೋಗಬೇಡಿ. ಒತ್ತಡದಲ್ಲಿರುವ ಎಬಿಎಸ್ ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡಬಹುದು. ಹಾಕಲೇಬೇಕೆಂದರೆ ಸಿಲಿಕೋನ್ ಆಧಾರದ್ದು, ಕಡ್ಡಿಯ ತುದಿಯಲ್ಲಿ ಒಂದು ಹನಿ.

ಮೇಲ್ಭಾಗ ಸುತ್ತುವಾಗ

ಟರ್ನ್‌ಟೇಬಲ್ (ಮೇಲ್ಭಾಗವನ್ನು ಹೊತ್ತು ಸುತ್ತುವ ಹಲ್ಲಿನ ಬಳೆ) ಹಲ್ಲು ಜಾರಿದರೆ ಯಾವ ಟರ್ನ್‌ಟೇಬಲ್ ಎಂದು ನೋಡಿ. ಹಳೆಯ ದೊಡ್ಡದರ ಹೊರಗೆ 56 ಹಲ್ಲು, ಹೊಸದರಲ್ಲಿ 60. ಮೇಲಿನ ಲೆಕ್ಕವೇ ಇಲ್ಲಿಗೂ: 56ಕ್ಕೆ 8 ಹಲ್ಲಿನ ಗೇರ್ 4 ಸ್ಟಡ್ ದೂರದಲ್ಲಿ, 24 ಹಲ್ಲಿನದು 5 ಸ್ಟಡ್ ದೂರದಲ್ಲಿ ಸರಿಯಾಗಿ ಕೂರುತ್ತದೆ. 60ಕ್ಕೆ 20 ಹಲ್ಲಿನದು 5 ಸ್ಟಡ್, 12 ಹಲ್ಲಿನದು ನಾಲ್ಕೂವರೆ. ಹಳೆಯ ನಕ್ಷೆ ನೋಡಿ ಹೊಸ ಟರ್ನ್‌ಟೇಬಲ್ ಹಾಕಿದವರಿಗೆ ಕಾಲು ಸ್ಟಡ್ ತಪ್ಪು ಇಲ್ಲೇ ಬರುತ್ತದೆ.

ಅಂತರ ಸರಿಯಿದ್ದೂ ಜಾರಿದರೆ ತೂಕ ನೋಡಿ. ಬೂಮ್ ಪೂರ್ತಿ ಚಾಚಿದಾಗ ಟರ್ನ್‌ಟೇಬಲ್ ಮುಂದಕ್ಕೆ ವಾಲಿ ಹಿಂಬದಿ ಎದ್ದಿದ್ದರೆ, ಅಲ್ಲಿ ಹಲ್ಲುಗಳ ಹಿಡಿತ ಸಡಿಲ. ಬ್ಯಾಟರಿ ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸುವುದು ಅತಿ ಅಗ್ಗದ ಪರಿಹಾರ. ಸುತ್ತುವ ಗೇರನ್ನು ಬೂಮ್ ಇರುವ ಕಡೆಗೇ ಇಟ್ಟರೆ ವಾಲಿದಾಗಲೂ ಹಿಡಿತ ಬಿಡುವುದಿಲ್ಲ. ನಿಲ್ಲಿಸಿದ ಮೇಲೂ ಮೇಲ್ಭಾಗ ಓಲಾಡುತ್ತಿದ್ದರೆ ಸಾಲಿನಲ್ಲಿ ಒಂದು ವರ್ಮ್ ಗೇರ್ (ಸ್ಕ್ರೂ ಆಕಾರದ ಗೇರ್) ಸೇರಿಸಿ. ಲೋಡ್ ಕಡೆಯಿಂದ ಅದನ್ನು ತಿರುಗಿಸಲಾಗದು. ಟರ್ನ್‌ಟೇಬಲ್ ನಡುವಿನ ತೂತಿನಿಂದ ವೈರು ಕೆಳಗಿಳಿದಿದ್ದರೆ ಒಂದೇ ದಿಕ್ಕಿಗೆ ಎರಡು ಸುತ್ತು ಮೀರದಂತೆ ಓಡಿಸಿ. ವೈರು ಹೊಸೆದು ಕನೆಕ್ಟರ್ ಕಿತ್ತರೆ ಚೈನ್ ನಿಲ್ಲುತ್ತದೆ, ದೋಷ ಹುಡುಕುವವರು ಚೈನನ್ನೇ ಬಿಚ್ಚುತ್ತಾ ಕೂರುತ್ತಾರೆ.

ಚೈನ್

ಒಂದು ಕಡೆಗೆ ಎಳೆಯುತ್ತದೆ ಎಂದರೆ ಎರಡು ಮೋಟರ್‌ಗಳ ವೈರು ಅದಲುಬದಲು ಮಾಡಿ. ನಿಧಾನ ಕೂಡ ಜಾಗ ಬದಲಿಸಿತೇ? ಹಾಗಾದರೆ ಪೋರ್ಟ್ ಅಥವಾ ರಿಸೀವರ್. ಅಲ್ಲೇ ಉಳಿಯಿತೇ? ಚೈನ್ ಬಿಗಿ ನೋಡಿ. ಮಾದರಿಯನ್ನು ಎತ್ತಿ ಹಿಡಿದಾಗ ಚೈನ್ ಕೆಳಗೆ ಅರ್ಧದಿಂದ ಒಂದು ಸ್ಟಡ್ ಜೋತುಬೀಳಬೇಕು. ಎರಡೂ ಬದಿಯ ಕೊಂಡಿಗಳನ್ನು ಎಣಿಸಿ. ಒಂದು ಕೊಂಡಿ ಕಡಿಮೆಯಿರುವ ಬದಿಯೇ ಸಾಮಾನ್ಯವಾಗಿ ಸೊರಗುವುದು. ಹೆಚ್ಚು ಸಡಿಲವಾದರೆ ತಿರುಗುವಾಗ ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲಿನ ಚಕ್ರ) ಮೇಲೆ ಕೊಂಡಿ ಹಾರುತ್ತದೆ.

ನೇರ ಓಡುತ್ತದೆ, ತಿರುಗುವುದಿಲ್ಲ ಎಂದರೆ ನೆಲ ಬದಲಿಸಿ ನೋಡಿ. ಚೈನ್ ವಾಹನ ತಿರುಗುವಾಗ ಕೊಂಡಿಗಳು ಅಡ್ಡಕ್ಕೆ ಉಜ್ಜಬೇಕು. ದಪ್ಪ ಜಮಖಾನೆಯ ಮೇಲೆ, ಕೊಂಡಿಗಳಿಗೆ ರಬ್ಬರ್ ತುಂಡು ಹಾಕಿದ್ದರೆ, ಮೂರು ನಾಲ್ಕು ಕಿಲೋ ಮಾದರಿ ಒದ್ದಾಡುವುದು ಸಹಜ. ಪ್ರತಿ ಕೊಂಡಿಗೂ ಬೇಡ, ಒಂದು ಕೊಂಡಿ ಬಿಟ್ಟು ಒಂದು ಕೊಂಡಿಗೆ ರಬ್ಬರ್ ಸಾಕು. ಸ್ಪ್ರಾಕೆಟ್ ಆಕ್ಸಲ್‌ಗೆ ಹೊರಬದಿಯಲ್ಲೂ ಬೀಮ್ ಆಧಾರ ಇರಬೇಕು, ಇಲ್ಲದಿದ್ದರೆ ತೂಕಕ್ಕೆ ಬಾಗಿ ಚೈನ್ ಒಳಗೆ ಉಜ್ಜುತ್ತದೆ.

ಬಕೆಟ್

ಇಲ್ಲಿ ಒಂದೇ ತೊಂದರೆ: ಬಕೆಟ್ ಪೂರ್ತಿ ಮಡಚಿಕೊಂಡ ಮೇಲೆ ಬಿಚ್ಚುವುದಿಲ್ಲ. ಹಿಂದಿನ ಎರಡು ಕೊಂಡಿ ಕಡ್ಡಿಗಳು ಒಂದೇ ನೇರಕ್ಕೆ ಬಂದು ದಾಟಿ ಹೋಗಿವೆ, ಈಗ ಆಕ್ಚುಯೇಟರ್ ಎಳೆದಷ್ಟೂ ಬಿಗಿಯಾಗುತ್ತದೆ. ಕೈಯಿಂದ ಬಿಡಿಸಿ, ಆ ನೇರಕ್ಕೆ ಬರುವ ಮೊದಲೇ ಬಕೆಟ್ ಆರ್ಮ್‌ಗೆ ತಾಗಿ ನಿಲ್ಲುವಂತೆ ಒಂದು ತಡೆ ಇಡಿ.

ಕೊನೆಗೆ ಮೋಟರ್

ಇಷ್ಟೆಲ್ಲ ಆದಮೇಲೂ ದೂರು ಉಳಿದಿದ್ದರೆ ಮೋಟರನ್ನು ಹೊರತೆಗೆದು, ಒಂದು ಆಕ್ಸಲ್‌ಗೆ ಉದ್ದ ಬೀಮ್ ಸಿಕ್ಕಿಸಿ, ಹೊಸ ಸೆಲ್ ಹಾಕಿ ಓಡಿಸಿ. ಫೋನಿನ ನಿಧಾನಗತಿಯ ವಿಡಿಯೋದಲ್ಲಿ ಹತ್ತು ಸೆಕೆಂಡ್ ಸುತ್ತು ಎಣಿಸಿ. ಪವರ್ ಫಂಕ್ಷನ್ಸ್ ಎಕ್ಸ್‌ಎಲ್ 9 ವೋಲ್ಟ್‌ನಲ್ಲಿ ನಿಮಿಷಕ್ಕೆ ಸುಮಾರು 220 ಸುತ್ತು, ಎಂದರೆ ಹತ್ತು ಸೆಕೆಂಡಿಗೆ 36ರ ಆಸುಪಾಸು. ಎಲ್ ಮೋಟರ್ ನಿಮಿಷಕ್ಕೆ ಸುಮಾರು 390, ಹತ್ತು ಸೆಕೆಂಡಿಗೆ 65. ಬೀಮ್ ಗಾಳಿಯನ್ನು ಕಡಿಯುವುದರಿಂದ ಎರಡು ಮೂರು ಕಡಿಮೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಮೂರನೇ ಒಂದು ಭಾಗ ಕಡಿಮೆ ಬಂದರೆ, ಅಥವಾ ಒಂದು ದಿಕ್ಕಿಗೆ ಸರಿ ಇನ್ನೊಂದಕ್ಕೆ ನಿಧಾನ ಎಂದಾದರೆ, ಅದೇ ಬಗೆಯ ಇನ್ನೊಂದು ಮೋಟರನ್ನು ಅದೇ ಪೋರ್ಟಿಗೆ ಹಾಕಿ ಹೋಲಿಸಿ. ವೈರನ್ನು ಕನೆಕ್ಟರ್ ಬುಡದಲ್ಲಿ ಮೆಲ್ಲಗೆ ಅಲುಗಿಸಿದಾಗ ವೇಗ ಏರಿಳಿದರೆ ಒಳಗಿನ ಎಳೆ ತುಂಡಾಗಿದೆ, ಮೋಟರ್‌ಗೆ ಏನೂ ಆಗಿಲ್ಲ. ಹಳೆಯ ಪವರ್ ಫಂಕ್ಷನ್ಸ್ ವೈರುಗಳಲ್ಲಿ, ಅದರಲ್ಲೂ ಬೂಮ್ ಜೊತೆ ಮಡಚಿ ಬಿಚ್ಚುವ ಜಾಗದಲ್ಲಿ, ಮೊದಲು ನೋಡಬೇಕಾದ್ದು ಅದನ್ನೇ.